ಹಾಡಿನ ಮೂಲ, ತಟ್ಟೆಯ ಮೂಲ

ಒಬ್ಬರು ಹಾಡಿ, ಧ್ವನಿಮುದ್ರಿಕೆಯಾಗಿ, ಜನರ ಕಿವಿಯಲ್ಲಿ ನೆಲೆನಿಂತ ಹಾಡನ್ನು ಇನ್ನೊಬ್ಬರು ತಮ್ಮ ಕಂಠದಲ್ಲಿ ಮತ್ತೆ ಹಾಡಿ ಮುದ್ರಿಸಿದಾಗ ಸಂಗೀತದ ಮಾರುಕಟ್ಟೆ ಅದನ್ನು ‘ಕವರ್’ ಎನ್ನುತ್ತದೆ. ಇಲ್ಲಿ ಅದಕ್ಕೆ ‘ಮರುಗಾಯನ’ ಎಂಬ ಮಾತನ್ನು ಬಳಸಲಾಗಿದೆ. ಮರುಗಾಯನವು ಹೆಸರಾಂತ ಮೊದಲ ಮುದ್ರಿಕೆಯನ್ನು ಎಂದಾದರೂ ಮೀರಬಲ್ಲುದೇ ಎಂಬ ಪ್ರಶ್ನೆ ಮೇಲುನೋಟಕ್ಕೆ ಅಭಿರುಚಿಯ ಪ್ರಶ್ನೆ. ಒಬ್ಬರಿಗೆ ಹಳೆಯದು ಹಿಡಿಸುತ್ತದೆ, ಇನ್ನೊಬ್ಬರಿಗೆ ಹೊಸದು. ಆದರೆ ಕನ್ನಡ ನಾಡಿನಲ್ಲಿ ತಲೆಮಾರುಗಳಿಂದ ಮತ್ತೆ ಮತ್ತೆ ಹಾಡಿಸಿಕೊಳ್ಳುತ್ತ ಬಂದಿರುವುದು ಬಹುಮಟ್ಟಿಗೆ ವಚನ, ದಾಸರ ಪದ ಮತ್ತು ತತ್ತ್ವಪದಗಳು, ಅಂದರೆ ದೇವರಿಗೋ ಗುರುವಿಗೋ ತನ್ನ ಮನಸ್ಸಿಗೋ ಆಡಿದ ಮಾತುಗಳು. ಇಂಥ ಹಾಡಿನಲ್ಲಿ ಮೂಲ ಎಂಬುದು ಎಲ್ಲಿದೆ, ಅದನ್ನು ಮೀರುವುದೆಂದರೆ ಏನನ್ನು ಮೀರಿದಂತೆ ಎಂದು ಕೇಳಿಕೊಂಡ ಕೂಡಲೇ ವಿಷಯವು ಅಭಿರುಚಿಯನ್ನು ದಾಟಿ ತತ್ತ್ವದ ಪ್ರದೇಶಕ್ಕೆ ಬರುತ್ತದೆ.

ಈ ವಿಚಾರಕ್ಕೆ ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ತಾಲ್ಲೂಕುಗಳ ಸೀಮೆ ತಕ್ಕ ನೆಲೆ. ಜೋಯಿಡಾ ತಾಲ್ಲೂಕಿನ ಕಾಡಿನೊಳಗೆ ಉಳವಿ ಇದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ರಕ್ತಪಾತವಾದ ಮೇಲೆ ಚನ್ನಬಸವಣ್ಣನೂ ಅವನ ಸಂಗಡದ ಶರಣರೂ ವಚನಗಳ ಕಟ್ಟುಗಳನ್ನು ಹೊತ್ತು ಇಲ್ಲಿಗೆ ಬಂದರೆಂಬುದು ಲಿಂಗಾಯತ ಪರಂಪರೆಯ ನಂಬಿಕೆ. ಚನ್ನಬಸವಣ್ಣನ ಸಮಾಧಿ ಇಲ್ಲಿಯೇ ಇದೆ. ಮಾಘ ಮಾಸದ ಭಾರತ ಹುಣ್ಣಿಮೆಯ ಹೊತ್ತಿನ ಜಾತ್ರೆಗೆ ಧಾರವಾಡ, ಬೆಳಗಾವಿಗಳ ಕಡೆಯ ರೈತರು ಚಕ್ಕಡಿ ಹೂಡಿಕೊಂಡು ಹಳಿಯಾಳ, ದಾಂಡೇಲಿಗಳ ದಾರಿಯಲ್ಲಿ ಕಾಡು ಹೊಗುತ್ತಾರೆ. ಪರಂಪರೆಯ ಈ ನಿರೂಪಣೆಯಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಶರಣರು ಉಳಿಸಿ ತಂದದ್ದು ಓಲೆಗರಿಯ ಮೇಲಿನ ಮಾತುಗಳನ್ನು. ಆ ಮಾತುಗಳನ್ನು ಬಸವಣ್ಣನೋ ಅಕ್ಕಮಹಾದೇವಿಯೋ ಯಾವ ಧಾಟಿಯಲ್ಲಿ ಹಾಡಿಕೊಂಡರು, ಹಾಡಿಕೊಂಡರೋ ಬರಿದೆ ನುಡಿದರೋ ಎಂಬುದು ಯಾವ ಕಟ್ಟಿನಲ್ಲೂ ಸೇರಿ ಬರಲಿಲ್ಲ. ತನಗೆ ತಾಳಮಾನಗಳ ಲೆಕ್ಕ ತಿಳಿಯದೆಂದೂ ಒಲವು ನಡೆಸಿದ ಹಾಗೆ ಹಾಡುವೆನೆಂದೂ ಬಸವಣ್ಣನೇ ಒಂದು ವಚನದಲ್ಲಿ ಕೂಡಲಸಂಗಮದೇವನ ಮುಂದೆ ಒಪ್ಪಿಕೊಳ್ಳುತ್ತಾನೆ. ಆ ಮಾತನ್ನು ವಿನಯವೆಂದಷ್ಟೇ ಓದುವುದು ವಾಡಿಕೆ. ಅದರಲ್ಲಿ ಒಂದು ಸಿದ್ಧಾಂತವೂ ಇದೆ. ಹಾಡಿನ ಪ್ರಮಾಣ ಧಾಟಿಯಲ್ಲಿಲ್ಲ, ಹಾಡುವವನು ಯಾರತ್ತ ಮುಖ ಮಾಡಿದ್ದಾನೆ ಎಂಬುದರಲ್ಲಿದೆ ಎಂಬುದು ಆ ಸಿದ್ಧಾಂತ. ಪುರಂದರದಾಸರ ವಿಷಯದಲ್ಲೂ ಸ್ಥಿತಿ ಹೆಚ್ಚು ಬೇರೆಯಲ್ಲ. ಅವರು 1564ರಲ್ಲಿ ತೀರಿಕೊಂಡ ಮೇಲೆ ಪದಗಳು ಬಾಯಿಂದ ಬಾಯಿಗೆ ಬಂದುವು, ಬಹುತೇಕ ಪದಗಳ ಮೊದಲ ಧಾಟಿ ಮಾತ್ರ ಉಳಿಯಲಿಲ್ಲ. ಹೀಗಾಗಿ ಕನ್ನಡದ ಭಕ್ತಿಯ ಹಾಡಿನ ಬಹುಪಾಲು, ಮೂಲ ಗಾಯನ ಅಳಿದುಹೋದ ಮೇಲೂ ನಡೆದುಕೊಂಡು ಬಂದಿರುವ ಮರುಗಾಯನವೇ ಆಗಿದೆ.

ಮೂಲ ಗಾಯನ ಕೇಳಸಿಗದಿರುವಾಗ ಮರುಗಾಯನವನ್ನು ಅನುಕರಣೆ ಎನ್ನಬಹುದೇ? ಈ ಪ್ರಶ್ನೆಯನ್ನು ಭಾರತೀಯ ಕಾವ್ಯಮೀಮಾಂಸೆ ನಾಟಕವನ್ನು ಮುಂದಿಟ್ಟುಕೊಂಡು ಬಹಳ ಹಿಂದೆಯೇ ಚರ್ಚಿಸಿದೆ. ನಟನು ರಾಮನ ಸ್ಥಾಯಿಭಾವವನ್ನು, ಅಂದರೆ ಅವನೊಳಗೆ ನೆಲೆಯಾಗಿದ್ದ ಪ್ರೀತಿ ಶೋಕಾದಿಗಳನ್ನು, ಅನುಕರಿಸುತ್ತಾನೆ ಮತ್ತು ಹಾಗೆ ಅನುಕರಿಸಿದ ಭಾವವೇ ರಸ ಎಂದು ಶ್ರೀಶಂಕುಕನು ವಾದಿಸಿದನು. ಚಿತ್ರದಲ್ಲಿ ಬರೆದ ಕುದುರೆಯನ್ನು ನೋಡಿ ಕುದುರೆ ಎನ್ನುವಂತೆ ಪ್ರೇಕ್ಷಕನು ನಟನನ್ನು ರಾಮನೆಂದು ಗ್ರಹಿಸುತ್ತಾನೆ ಎಂಬುದು ಅವನ ದೃಷ್ಟಾಂತ. ಅಭಿನವಗುಪ್ತನ ಗುರುವಾದ ಭಟ್ಟತೌತನು ಇದನ್ನು ಮುರಿದದ್ದು ಬಹು ಸರಳವಾದ ಒಂದು ಆಕ್ಷೇಪದಿಂದ. ಅನುಕರಣೆ ಎನ್ನಬೇಕಾದರೆ ಅನುಕರಿಸಲ್ಪಟ್ಟದ್ದನ್ನೂ ಅನುಕರಿಸುವುದನ್ನೂ ಎರಡನ್ನೂ ಕಂಡಿರಬೇಕು. ರಾಮನ ಅಂತರಂಗವನ್ನು ನಟನೂ ಕಂಡಿಲ್ಲ, ಪ್ರೇಕ್ಷಕನೂ ಕಂಡಿಲ್ಲ. ಈ ದಾರಿಯಲ್ಲಿಯೇ ಮುಂದುವರಿದ ಅಭಿನವಗುಪ್ತನು ನಾಟ್ಯವನ್ನು ಅನುಕರಣವೆನ್ನದೆ ಅನುಕೀರ್ತನವೆಂದು, ಅಂದರೆ ಮತ್ತೆ ಎತ್ತಿ ಹೇಳುವುದೆಂದು, ಕರೆದನು. ಅಕ್ಕನು ತನ್ನ ಕನಸನ್ನು ಹೇಳಿಕೊಳ್ಳುವ ವಚನವನ್ನು ಮಲ್ಲಿಕಾರ್ಜುನ ಮನ್ಸೂರ್ ಹಾಡಿದಾಗ ನಡೆಯುವುದು ಈ ಅನುಕೀರ್ತನವೇ. ಅಕ್ಕನ ಕಂಠವನ್ನು ಮನ್ಸೂರರೂ ಕೇಳಿದವರಲ್ಲ, ಕೇಳುಗರೂ ಕೇಳಿದವರಲ್ಲ. ಆದ್ದರಿಂದ ಅಲ್ಲಿ ನಕಲಿಗೆ ಎಡೆಯೇ ಇಲ್ಲ. ಗ್ವಾಲಿಯರ್ ಮತ್ತು ಜೈಪುರ ಘರಾಣೆಗಳ ಜಟಿಲ ವಿದ್ಯೆಯನ್ನು ದಶಕಗಳ ಕಾಲ ಅರಗಿಸಿಕೊಂಡ ಆ ಗಾಯಕರು ವಚನಕ್ಕೆ ಬಂದಾಗ ಮಾತಿನ ಮೇಲೆ ರಾಗವನ್ನು ಹೇರುವುದಿಲ್ಲ, ಮಾತು ತಾನಾಗಿ ರಾಗದೊಳಗೆ ಬಾಯಿಬಿಡುವ ತನಕ ಕಾಯುತ್ತಾರೆ. ವಚನಗಾಯನದಲ್ಲಿ ಅದಕ್ಕಿಂತ ಎತ್ತರದ ನಿದರ್ಶನವನ್ನು ತೋರಿಸುವುದು ಕಷ್ಟ.

ಆದರೆ ಶಂಕುಕನು ಕಳೆದುಕೊಂಡ ವಾದವನ್ನು ಗ್ರಾಮಫೋನು ಅವನಿಗೆ ಮರಳಿ ತಂದುಕೊಟ್ಟಿತು. ಭಾರತದಲ್ಲಿ ವಾಣಿಜ್ಯಕ್ಕಾಗಿ ಧ್ವನಿಮುದ್ರಣ ಆರಂಭವಾದದ್ದು 1902ರಲ್ಲಿ, ಕಲ್ಕತ್ತೆಯಲ್ಲಿ. ಗೌಹರ್ ಜಾನ್ ಆಗ ಹಾಡಿದವರಲ್ಲಿ ಪ್ರಮುಖರು. ಅಂದಿನಿಂದ ಮೊದಲ ಸಲ, ಹಾಡಿದವರು ಎದ್ದುಹೋದ ಮೇಲೂ, ತೀರಿಕೊಂಡ ಮೇಲೂ, ಅವರು ಹಾಡಿದ್ದು ಹಾಗೆಯೇ ಕೇಳಸಿಗತೊಡಗಿತು. ಭಟ್ಟತೌತನ ಆಕ್ಷೇಪಕ್ಕೆ ಆಧಾರವಾಗಿದ್ದ ಕೊರತೆಯೇ ನೀಗಿತು. ಮೊದಲನೆಯದೂ ಕಿವಿಗೆ ಸಿಗುತ್ತದೆ, ಎರಡನೆಯದೂ ಸಿಗುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ಸಮ, ಕಡಿಮೆ, ಹೆಚ್ಚು ಎನ್ನಲು ಸಾಧ್ಯವಾಯಿತು. ಮರುಗಾಯನವು ಮೂಲವನ್ನು ಮೀರೀತೇ ಎಂಬ ಪ್ರಶ್ನೆ ಹುಟ್ಟಿದ್ದೇ ಈ ಯಂತ್ರದ ಸಂಗಡ. ಆದರೆ ಹೀಗೆ ಮೂಲವಾಗಿ ನಿಂತುಕೊಂಡದ್ದು ಏನು ಎಂಬುದನ್ನು ನೆನಪಿಡಬೇಕು. ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಅರಗಿನ ತಟ್ಟೆಯ ಒಂದು ಮಗ್ಗುಲಲ್ಲಿ ಮೂರು ಮೂರೂವರೆ ನಿಮಿಷಕ್ಕಿಂತ ಹೆಚ್ಚು ಸಂಗೀತ ಹಿಡಿಸುತ್ತಿರಲಿಲ್ಲ. ರಾತ್ರಿಯ ಬೈಠಕಿನಲ್ಲಿ ಗಂಟೆಗಟ್ಟಲೆ ಅರಳುತ್ತಿದ್ದ ಗಾಯನವು ಅಷ್ಟರೊಳಗೆ ಮುದುಡಿ ಕೂತಿತು. ತಟ್ಟೆಯ ಮೇಲಿನ ಮೂಲವೆಂಬುದು ಆ ಗಾಯಕನೇ ತನ್ನ ಗಾಯನಕ್ಕೆ ಯಂತ್ರದ ಅಳತೆಗೆ ತಕ್ಕಂತೆ ಮಾಡಿಕೊಟ್ಟ ಒಂದು ದಿನದ ಸಂಕ್ಷೇಪ. ಅದೂ ಒಂದು ಬಗೆಯ ಮರುಗಾಯನವೇ.

ಈ ಮಾತಿಗೆ ಕರ್ನಾಟಕದಲ್ಲಿ ಇರುವ ಅತ್ಯಂತ ದೊಡ್ಡ ನಿದರ್ಶನ ಅಬ್ದುಲ್ ಕರೀಮ್ ಖಾನ್ ಮತ್ತು ಭೀಮಸೇನ ಜೋಶಿಯವರದು. ಉತ್ತರದ ಕೈರಾಣಾದಲ್ಲಿ ಹುಟ್ಟಿ, ಮಿರಜಿನಲ್ಲಿ ನೆಲೆಸಿ, ಧಾರವಾಡ ಸೀಮೆಯ ಸಂಗೀತದ ದಿಕ್ಕನ್ನೇ ಬದಲಿಸಿದ ಖಾನ್ ಸಾಹೇಬರು 1937ರಲ್ಲಿ ತೀರಿಕೊಂಡರು. ಝಿಂಝೋಟಿ ರಾಗದಲ್ಲಿ ಅವರು ಹಾಡಿದ ವಿರಹದ ಠುಮ್ರಿಯ ತಟ್ಟೆ ಮನೆಮನೆಗೆ ತಲುಪಿತ್ತು. ಠುಮ್ರಿ ಎಂದರೆ ರಾಗದ ಕಟ್ಟುನಿಟ್ಟಿಗಿಂತ ಮಾತಿನ ಭಾವಕ್ಕೆ ಮೊದಲ ಸ್ಥಾನ ಕೊಡುವ ಲಘುಶಾಸ್ತ್ರೀಯ ಪ್ರಕಾರ. ರೋಣದಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನರು ಬಾಲಕನಾಗಿದ್ದಾಗ ಆ ತಟ್ಟೆಯನ್ನು ಕೇಳಿ, ಹಾಗೆ ಹಾಡುವುದನ್ನು ಕಲಿಯಲೇಬೇಕೆಂದು 1933ರಲ್ಲಿ ಹನ್ನೊಂದನೆಯ ವಯಸ್ಸಿಗೆ ಮನೆ ಬಿಟ್ಟು ಹೊರಟರು. ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಹುಡುಗನ ಛಲವನ್ನು ಕೊಂಡಾಡಿ ಅಲ್ಲಿಗೆ ನಿಲ್ಲುತ್ತಾರೆ. ತಾತ್ತ್ವಿಕವಾಗಿ ಮುಖ್ಯವಾದದ್ದು ಅನಂತರ ನಡೆದದ್ದು. ಹುಡುಗನಿಗೆ ತಟ್ಟೆ ಸಾಕಾಗಲಿಲ್ಲ. ಮತ್ತೆ ಮತ್ತೆ ಕೇಳಿ ಅದರ ಒಂದೊಂದು ಹರಕತ್ತನ್ನೂ ಗಂಟಲಿಗೆ ಇಳಿಸಿಕೊಂಡಿದ್ದರೆ ಖಾನ್ ಸಾಹೇಬರ ಸೊಗಸಾದ ನಕಲು ಒಂದು ಸಿದ್ಧವಾಗುತ್ತಿತ್ತು. ಹಾಗಾಗದೆ ಅವರು ಗ್ವಾಲಿಯರ್ ಮೊದಲಾದ ಊರುಗಳಲ್ಲಿ ಗುರುವನ್ನು ಹುಡುಕಿ ಅಲೆದು, ಕೊನೆಗೆ ಮನೆಯ ಹತ್ತಿರದ ಕುಂದಗೋಳಕ್ಕೇ ಬಂದು, ಖಾನ್ ಸಾಹೇಬರ ಶಿಷ್ಯರೇ ಆಗಿದ್ದ ಸವಾಯಿ ಗಂಧರ್ವರ ಮುಂದೆ ಕುಳಿತರು. ತಟ್ಟೆ ಅವರನ್ನು ಕರೆಯಿತು, ಕಲಿಸಲಿಲ್ಲ. ಕಲಿಸಿದ್ದು ಗುರುವಿನ ಬಾಯಿ.

ಮುಂದೆ ಭೀಮಸೇನರು ಅದೇ ಠುಮ್ರಿಯನ್ನು ಹಾಡಿದರು. ಅದು ಮೂಲವನ್ನು ಮೀರಿತೇ? ನೇರವಾಗಿ ಹೇಳುವುದಾದರೆ, ಇಲ್ಲ. ಖಾನ್ ಸಾಹೇಬರ ತೆಳುವಾದ, ಎಳೆಯುತ್ತ ಹೋಗುವ, ಸ್ವರದ ಮೇಲೆ ಸ್ವರವನ್ನು ಮುಟ್ಟಿಯೂ ಮುಟ್ಟದಂತೆ ಇಡುವ ಕಂಠದಲ್ಲಿ ವಿರಹಕ್ಕೆ ಸಿಕ್ಕಿದ ನಿಷ್ಕಪಟತೆ, ಭೀಮಸೇನರ ತುಂಬುಕಂಠಕ್ಕೆ ಆ ಒಂದು ಹಾಡಿನಲ್ಲಿ ಸಿಕ್ಕಿಲ್ಲ. ಕೆ. ಎಲ್. ಸೈಗಲ್ 1935ರ ‘ದೇವದಾಸ್’ ಚಿತ್ರದಲ್ಲಿ ಅದೇ ಠುಮ್ರಿಯನ್ನು ಇನ್ನಷ್ಟು ಚಿಕ್ಕದು ಮಾಡಿ, ತನ್ನಷ್ಟಕ್ಕೆ ಗುನುಗುವ ಹಾಗೆ ಹಾಡಿದಾಗ ಅದು ಮೂಲವನ್ನು ಮೀರದಿದ್ದರೂ ಮೂಲದ ಪಕ್ಕದಲ್ಲಿ ನಿಂತಿತು, ಯಾಕೆಂದರೆ ಅಲ್ಲಿ ಖಾನ್ ಸಾಹೇಬರಂತೆ ಹಾಡುವ ಹವಣಿಕೆ ಕಿಂಚಿತ್ತೂ ಇರಲಿಲ್ಲ. ಭೀಮಸೇನರ ನಿಜವಾದ ಮರುಗಾಯನ ಬೇರೆ ಕಡೆ ನಡೆಯಿತು. ಕರ್ನಾಟಕ ಸಂಗೀತದವರು ಶ್ರೀ ಅಥವಾ ಮಧ್ಯಮಾವತಿ ರಾಗದಲ್ಲಿ ಹಾಡುವ, ಲಕ್ಷ್ಮಿಯನ್ನು ಮನೆಗೆ ಕರೆಯುವ ಪುರಂದರದಾಸರ ಪದವನ್ನು ಅವರು ಹಿಂದುಸ್ತಾನಿ ಕಂಠದಲ್ಲಿ ಹಾಡಿದಾಗ ಆ ಪದಕ್ಕೆ ಎರಡನೆಯ ಜನ್ಮ ಬಂದಿತು. ಎಂ. ಎಸ್. ಸುಬ್ಬುಲಕ್ಷ್ಮಿಯವರ ಮುದ್ರಿಕೆಯಲ್ಲಿ ದೇವರಮನೆಯ ದೀಪದ ಮುಂದಿನ ಶುಚಿ ಇದೆ. ಭೀಮಸೇನರದರಲ್ಲಿ ಹೊಸ್ತಿಲಾಚೆ ನಿಂತು ಬೀದಿಯ ತುದಿಯವರೆಗೆ ಕೇಳುವಂತೆ ಕರೆಯುವ ಒಕ್ಕಲುಮನೆಯ ಆತುರವಿದೆ. ಕರೆಯುವ ಹಾಡಿಗೆ ಆ ಆತುರವೇ ಹೆಚ್ಚು ಒಪ್ಪುತ್ತದೆ ಎಂಬುದು ಉತ್ತರ ಕರ್ನಾಟಕದ ಕಿವಿಯ ತೀರ್ಮಾನ. ಆ ತೀರ್ಮಾನ ತಪ್ಪಲ್ಲ.

ಹಾಗಿದ್ದರೆ ಈ ಭಿನ್ನ ಗಾಯನಗಳನ್ನೆಲ್ಲ ಒಂದೇ ಹಾಡು ಎನ್ನುವುದು ಯಾವ ಆಧಾರದ ಮೇಲೆ? ಇಲ್ಲಿ ವೈಯಾಕರಣನಾದ ಭರ್ತೃಹರಿಯ ಸ್ಫೋಟವಾದ ನೆರವಿಗೆ ಬರುತ್ತದೆ. ಸ್ಫೋಟವೆಂದರೆ ಧ್ವನಿಗಳು ಒಂದರ ಹಿಂದೆ ಒಂದು ಬಂದು ಅಳಿಯುತ್ತಿದ್ದರೂ ಕೇಳುಗನ ಅರಿವಿನಲ್ಲಿ ಇಡಿಯಾಗಿ ಬೆಳಗುವ, ಭಾಗಗಳಿಲ್ಲದ ಶಬ್ದತತ್ತ್ವ. ಧ್ವನಿಯು ಅದನ್ನು ಹುಟ್ಟಿಸುವುದಿಲ್ಲ, ತೋರಿಸಿಕೊಡುತ್ತದೆ. ಒಂದೇ ವಾಕ್ಯವನ್ನು ದ್ರುತ, ಮಧ್ಯಮ, ವಿಲಂಬಿತ ಎಂಬ ಮೂರು ಗತಿಗಳಲ್ಲಿ ಉಚ್ಚರಿಸಿದರೂ ವಾಕ್ಯ ಮೂರಾಗುವುದಿಲ್ಲ. ಗತಿಯ ಭೇದವು ವೈಕೃತ ಧ್ವನಿಗೆ, ಅಂದರೆ ಮೇಲಿನ ವಿಕಾರಕ್ಕೆ, ಸೇರಿದ್ದೇ ಹೊರತು ಸ್ಫೋಟಕ್ಕಲ್ಲ. ಈ ಬೆಳಕಿನಲ್ಲಿ ನೋಡಿದರೆ ಹಾಡೇ ಮೂಲ. ಮೊದಲ ಮುದ್ರಿಕೆಯೂ ಸೇರಿದಂತೆ ಎಲ್ಲ ಗಾಯನಗಳೂ ಅದನ್ನು ಬೆಳಗಿಸುವ ಧ್ವನಿಗಳು. ಮುದ್ರಿಕೆಯೊಂದು ಇನ್ನೊಂದು ಮುದ್ರಿಕೆಯನ್ನು ಮೀರಬಹುದು, ದೀಪ ದೀಪವನ್ನು ಮೀರುವ ಹಾಗೆ. ಹಾಡನ್ನು ಯಾವ ಮುದ್ರಿಕೆಯೂ ಮೀರಲಾರದು. ಹಾಗೆಂದು ಎಲ್ಲ ಗಾಯನಗಳೂ ಸಮವೆಂಬ ಸೋಮಾರಿ ಔದಾರ್ಯಕ್ಕೆ ಈ ವಾದ ಎಡೆಕೊಡುವುದಿಲ್ಲ. ಕೆಲವು ದೀಪಗಳು ವಸ್ತುವನ್ನು ತೋರಿಸುತ್ತವೆ, ಕೆಲವು ತಮ್ಮನ್ನೇ ತೋರಿಸಿಕೊಂಡು ಕಣ್ಣು ಕುಕ್ಕುತ್ತವೆ. ಭಕ್ತಿಯ ಹಾಡಿನಲ್ಲಿ ಗಾಯಕನ ತಾನುಗಳು ಮಾತಿಗೆ ಅಡ್ಡ ನಿಂತಾಗ ಆಗುವುದು ಇದೇ. ಕೇಳುಗನು ಕಂಠವನ್ನು ಹೊಗಳುತ್ತ ಮನೆಗೆ ಹೋಗುತ್ತಾನೆ, ಹಾಡು ಅಲ್ಲಿಯೇ ಉಳಿಯುತ್ತದೆ.

ಮುದ್ರಿಕೆಯೊಂದು ಇನ್ನೊಂದನ್ನು ಮೀರಬಲ್ಲುದೆಂಬುದಕ್ಕೆ ಪಾಶ್ಚಾತ್ಯರ ಜನಪ್ರಿಯ ಸಂಗೀತದಲ್ಲೂ ಸಾಕ್ಷ್ಯವಿದೆ. ಬಾಬ್ ಡಿಲನ್ 1967ರಲ್ಲಿ ತಾನೇ ರಚಿಸಿ ಹಾಡಿದ ಕಾವಲುಗೋಪುರದ ಹಾಡನ್ನು ಮರುವರ್ಷ ಜಿಮಿ ಹೆಂಡ್ರಿಕ್ಸ್ ವಿದ್ಯುತ್ ಗಿಟಾರಿನ ಮೇಲೆ ಬೇರೆಯೇ ಆಗಿಸಿದಾಗ, ಮುಂದೆ ಡಿಲನ್ ಅವರೇ ತಮ್ಮ ಕಚೇರಿಗಳಲ್ಲಿ ಹೆಂಡ್ರಿಕ್ಸ್ ದಾರಿಯಲ್ಲಿ ಅದನ್ನು ಹಾಡತೊಡಗಿದರು. ರಚಿಸಿದವನೇ ಒಪ್ಪಿದ ಮೇಲೆ ಮೀರುವುದು ಸಾಧ್ಯವೇ ಎಂಬ ಚರ್ಚೆ ಅಲ್ಲಿಗೆ ಮುಗಿಯಬೇಕು.

ಕನ್ನಡಕ್ಕೆ ಹೆಚ್ಚು ತೊಡಕಾಗಿರುವುದು ಇನ್ನೊಂದು ಸಂಗತಿ, ಅದು ಶಿಶುನಾಳ ಶರೀಫರ ಪದಗಳದು. ಶರೀಫರು (1819–1889) ಹುಟ್ಟಿ ಬಾಳಿದ ಶಿಶುನಾಳವು ಮುಂಡಗೋಡಿಗೆ ಹೊಂದಿಕೊಂಡಿರುವ ಶಿಗ್ಗಾಂವಿ ತಾಲ್ಲೂಕಿನದು. ಕಳಸದ ಗೋವಿಂದಭಟ್ಟರ ಶಿಷ್ಯರಾದ ಈ ಮುಸಲ್ಮಾನ ಅನುಭಾವಿಯ ತತ್ತ್ವಪದಗಳು, ಅಂದರೆ ದೇಹ, ಗುರು, ಮುಕ್ತಿಗಳನ್ನು ಮನೆ ಹೊಲ ಸಂತೆಗಳ ರೂಪಕದಲ್ಲಿ ಹೇಳುವ ಹಾಡುಗಳು, ಏಕತಾರಿ, ದಮ್ಮಡಿ, ತಾಳಗಳ ಜೊತೆಗೆ ಭಜನಾ ಮೇಳಗಳಲ್ಲಿ ಬದುಕಿಕೊಂಡು ಬಂದುವು. ಸಿ. ಅಶ್ವತ್ಥ್ ಅವರು ಈ ಪದಗಳಿಗೆ ರಾಗ ಸಂಯೋಜಿಸಿ ಧ್ವನಿಸುರುಳಿಗಳಲ್ಲಿ ಹಾಡಿದರು, ಟಿ. ಎಸ್. ನಾಗಾಭರಣರ 1990ರ ‘ಸಂತ ಶಿಶುನಾಳ ಶರೀಫ’ ಚಿತ್ರಕ್ಕೂ ಸಂಗೀತ ಅವರದೇ. ಮಾಳಿಗೆ ಸೋರುವ ಮನೆಯ ಪದವನ್ನು ಅಶ್ವತ್ಥ್ ಎದೆ ಬಿರಿಯುವಂತೆ ಎತ್ತಿ ಹಾಡಿದಾಗ ಇಡೀ ಕರ್ನಾಟಕ ಶರೀಫರನ್ನು ಮೊದಲ ಸಲ ಕೇಳಿದಂತಾಯಿತು. ಆ ಉಪಕಾರ ದೊಡ್ಡದು, ಅದನ್ನು ಕಡಿಮೆ ಮಾಡಿ ಹೇಳುವುದು ಕೃತಘ್ನತೆ. ಆದರೆ ಅದೇ ಯಶಸ್ಸು ಇನ್ನೊಂದನ್ನೂ ಮಾಡಿತು. ಅಶ್ವತ್ಥ್ ಅವರ ಧಾಟಿಯೇ ಶರೀಫರ ಧಾಟಿ ಎಂಬ ಭಾವನೆ ಬೇರುಬಿಟ್ಟಿತು. ರಘು ದೀಕ್ಷಿತ್ 2008ರ ತಮ್ಮ ಮೊದಲ ಸಂಕಲನದಲ್ಲಿ ಶರೀಫರನ್ನು ಗಿಟಾರಿನ ಅಬ್ಬರದೊಂದಿಗೆ ಹಾಡಿದಾಗ ಮೂಲ ಕೆಟ್ಟಿತೆಂದು ನೊಂದವರು ಮನಸ್ಸಿನಲ್ಲಿಟ್ಟುಕೊಂಡ ಮೂಲವು ಅಶ್ವತ್ಥ್ ಅವರದಾಗಿತ್ತು. ಭಜನೆಯ ಕಟ್ಟೆಯ ಮೇಲಿನದಾಗಿರಲಿಲ್ಲ.

ಹಳಿಯಾಳ ತಾಲ್ಲೂಕಿನ ತೇರಗಾಂವದಂಥ ಊರುಗಳ ಕಡೆಯಿಂದ ನೋಡಿದಾಗ, ಭಜನೆಯ ಧಾಟಿಗಳು ಹೀಗೆ ಮರೆಗೆ ಸರಿದುದರ ನಷ್ಟದ ಅಳತೆ ತಿಳಿಯುತ್ತದೆ. ಮರಾಠಿ ಮನೆಮಾತಿನವರೂ ಕನ್ನಡ ಮನೆಮಾತಿನವರೂ ಒಟ್ಟಿಗೆ ಬಾಳುವ ಈ ಗಡಿಸೀಮೆಯಲ್ಲಿ ವಾರಕರಿ ಸಂಪ್ರದಾಯದ, ಅಂದರೆ ಪಂಢರಪುರದ ವಿಠ್ಠಲನ ಯಾತ್ರಿಕರ, ಅಭಂಗವೂ ಕನ್ನಡದ ತತ್ತ್ವಪದವೂ ನೆರೆಹೊರೆಯ ಹಾಡುಗಳು. ಇಂಥ ನೆಲದಲ್ಲಿ ಧಾಟಿಗಳು ಭಾಷೆಯ ಗಡಿಯನ್ನು ಕೇಳದೆ ಅತ್ತಿತ್ತ ಸುಳಿಯುತ್ತವೆ. ಒಂದೇ ಪದ ಒಂದೂರಿನಲ್ಲಿ ನಿಧಾನವಾಗಿ, ಪಕ್ಕದೂರಿನಲ್ಲಿ ತಾಳ ಬಿಗಿದು, ಇನ್ನೊಂದೆಡೆ ನುಡಿಗಳ ಕ್ರಮವೇ ಬದಲಾಗಿ ಹಾಡಿಸಿಕೊಳ್ಳುತ್ತದೆ. ಮೂಲ ಯಾವುದೆಂದು ಅಲ್ಲಿ ಯಾರೂ ಕೇಳುವುದಿಲ್ಲ, ಯಾರಿಂದ ಕಲಿತದ್ದು ಎಂದು ಕೇಳುತ್ತಾರೆ. ಹೆಸರಾಂತ ಮುದ್ರಿಕೆ ಧ್ವನಿವರ್ಧಕದಿಂದಲೂ ಮೊಬೈಲಿನಿಂದಲೂ ದಿನವಿಡೀ ಕೇಳತೊಡಗಿದ ಮೇಲೆ ಎಳೆಯರು ಅದನ್ನೇ ಅಳತೆಗೋಲಾಗಿ ಹಿಡಿಯುತ್ತಾರೆ. ಅಜ್ಜನ ಧಾಟಿ ಅವರ ಕಿವಿಗೆ ತಪ್ಪು ಹಾಡಿನಂತೆ ಕೇಳಿಸುತ್ತದೆ. ಸ್ಪರ್ಧೆಗಳಲ್ಲಿ ಮಕ್ಕಳಿಗೆ ಸಿಗುವ ಮೆಚ್ಚುಗೆಯೂ ಥೇಟ್ ಇಂಥವರ ಹಾಗೆಯೇ ಹಾಡಿದೆ ಎಂಬುದು. ಶಂಕುಕನ ಚಿತ್ರದ ಕುದುರೆ ಹೀಗೆ ಲಾಯವನ್ನೆಲ್ಲ ತುಂಬಿಕೊಂಡು ನಿಜವಾದ ಕುದುರೆಗಳನ್ನು ಹೊರಗಟ್ಟುತ್ತದೆ.

ಮೂಲ ಯಾವುದೆಂಬ ಈ ತೊಡಕು ಕಾನೂನಿನ ದೃಷ್ಟಿಯಲ್ಲಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿಯಾದಾಗ ಸೇರಿದ ಕಲಮಿನ ಪ್ರಕಾರ ಮೊದಲ ಮುದ್ರಣವಾದ ವರ್ಷ ಮುಗಿದು ಐದು ವರ್ಷ ಕಳೆಯುವವರೆಗೆ ಶಾಸನದ ಪರವಾನಗಿಯ ಮೇಲೆ ಮರುಗಾಯನವನ್ನು ಹೊರತರುವಂತಿಲ್ಲ. ಕಾನೂನು ಮೊದಲ ಮುದ್ರಣದಿಂದ ವರ್ಷಗಳನ್ನು ಎಣಿಸುತ್ತದೆ. ದುಡಿಮೆಗೆ ಪ್ರತಿಫಲ ಸಲ್ಲಬೇಕಾದ್ದರಿಂದ ಅದು ನ್ಯಾಯವೇ. 2004ರಲ್ಲಿ ನಾಡಗೀತೆಯೆಂದು ಅಂಗೀಕೃತವಾದ ಕುವೆಂಪು ಕವಿತೆಯ ಧಾಟಿಯ ವಿವಾದವೂ ಇದೇ ಜಾತಿಯದು. ಮೈಸೂರು ಅನಂತಸ್ವಾಮಿಯವರ ಸಂಯೋಜನೆಯನ್ನು 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕೆಂದು ಸರ್ಕಾರ 2022ರ ಸೆಪ್ಟೆಂಬರಿನಲ್ಲಿ ಆದೇಶಿಸಿತು. ಅಶ್ವತ್ಥ್ ಅವರ ಸಂಯೋಜನೆಯನ್ನು ಮೆಚ್ಚಿದವರಿಗೆ ಅದು ಒಪ್ಪಿಗೆಯಾಗಲಿಲ್ಲ, ಪ್ರಕರಣ ಹೈಕೋರ್ಟಿಗೆ ಹೋಗಿ 2024ರಲ್ಲಿ ಅರ್ಜಿ ವಜಾ ಆಯಿತು. ಸಾವಿರ ಶಾಲೆಗಳ ಮಕ್ಕಳು ಒಟ್ಟಾಗಿ ನಿಂತು ಹಾಡಲು ಒಂದು ಧಾಟಿ ಬೇಕೇ ಬೇಕು. ಆ ಅಗತ್ಯವನ್ನು ದೇವರ ಮುಂದಿನ ಹಾಡಿಗೂ ಅನ್ವಯಿಸಿದರೆ ಮಾತ್ರ ಅನ್ಯಾಯವಾಗುತ್ತದೆ.

ಮೂಲವು ಕೈತಪ್ಪಿದಾಗ ಅದನ್ನು ಹೇಗೆ ಮತ್ತೆ ನಿಲ್ಲಿಸಬಹುದೆಂಬುದಕ್ಕೆ ಮುಂಡಗೋಡವೇ ಒಂದು ನಿದರ್ಶನ ಒದಗಿಸುತ್ತದೆ. ಲ್ಹಾಸಾದ ಬಳಿ 1409ರಲ್ಲಿ ಸ್ಥಾಪಿತವಾದ ಗಾಂದೆನ್ ಮತ್ತು 1416ರಲ್ಲಿ ಸ್ಥಾಪಿತವಾದ ದ್ರೆಪುಂಗ್ ಮಹಾವಿಹಾರಗಳು, 1959ರ ಅನಂತರ ಭಾರತಕ್ಕೆ ಬಂದ ಟಿಬೆಟನ್ ಭಿಕ್ಷುಗಳಿಂದ ಇಲ್ಲಿಯ ನಿರಾಶ್ರಿತರ ನೆಲೆಯಲ್ಲಿ ಮರುಸ್ಥಾಪನೆಗೊಂಡವು. ಅವರ ಸಂಪ್ರದಾಯದಲ್ಲಿ ‘ಲುಂಗ್’ ಎಂಬುದೊಂದಿದೆ: ಗ್ರಂಥವನ್ನು ಗುರುವು ಗಟ್ಟಿಯಾಗಿ ಓದುತ್ತಾನೆ, ಶಿಷ್ಯನು ಕೇಳುತ್ತಾನೆ, ಆ ಗುರುವೂ ಹಾಗೆಯೇ ಕೇಳಿ ಪಡೆದವನಾಗಿರಬೇಕು. ಪುಸ್ತಕ ಕೈಯಲ್ಲಿದ್ದರೂ ಈ ಶ್ರವಣವಾಗುವವರೆಗೆ ಗ್ರಂಥವನ್ನು ಪಡೆದಂತಾಗುವುದಿಲ್ಲ. ಕಟ್ಟಡಗಳು ಹಿಂದೆ ಉಳಿದರೂ ಮುಂಡಗೋಡದ ಗಾಂದೆನ್ ಅನ್ನು ಯಾರೂ ನಕಲೆನ್ನದಿರುವುದು ಈ ಶ್ರವಣದ ಸರಪಳಿ ತುಂಡಾಗದೆ ಬಂದಿರುವುದರಿಂದ. ಕುಂದಗೋಳದಲ್ಲಿ ನಡೆದದ್ದೂ ಇದೇ, ಭಜನೆಯ ಕಟ್ಟೆಯ ಮೇಲೆ ನಡೆಯುತ್ತ ಬಂದದ್ದೂ ಇದೇ. ಮರುಗಾಯನಕ್ಕೆ ಬಲ ಬರುವುದು ಮೊದಲನೆಯದಕ್ಕೆ ಎಷ್ಟು ಹೋಲುತ್ತದೆ ಎಂಬುದರಿಂದಲ್ಲ, ಯಾರ ಬಾಯಿಂದ ಯಾರ ಕಿವಿಗೆ ಬಂದಿತು ಎಂಬುದರಿಂದ, ಮತ್ತು ಬಂದದ್ದು ಹಾಡುವವನ ಬಾಳಿನಲ್ಲಿ ಎಷ್ಟು ಆಳಕ್ಕೆ ಇಳಿಯಿತು ಎಂಬುದರಿಂದ.

ಹಳಿಯಾಳ, ಮುಂಡಗೋಡ, ಜೋಯಿಡಾಗಳ ಹಳ್ಳಿಗಳಲ್ಲಿ ತಮ್ಮ ಹಿರಿಯರ ಧಾಟಿಯಲ್ಲಿ ತತ್ತ್ವಪದ ಬಲ್ಲವರು ಇನ್ನೂ ಇದ್ದಾರೆ, ಮತ್ತು ಅವರಿಗೆ ವಯಸ್ಸಾಗಿದೆ. ಅವರ ಹಾಡನ್ನು ಮೊಬೈಲಿನಲ್ಲಿ ಹಿಡಿದಿಟ್ಟುಕೊಳ್ಳುವುದು ಒಳ್ಳೆಯ ಕೆಲಸ, ಆದರೆ ಅದು ಅರ್ಧ ಕೆಲಸ. ಈ ಸೀಮೆಯ ಭಜನಾ ಮೇಳಗಳೂ ಶಾಲೆಗಳೂ ವಾರಕ್ಕೊಂದು ಸಂಜೆ ಎಳೆಯರನ್ನು ಆ ಹಿರಿಯರ ಎದುರು ಕೂರಿಸಿ, ಒಂದೊಂದೇ ಪದವನ್ನು ಬಾಯಿಂದ ಬಾಯಿಗೆ ಕಲಿಸುವ ಏರ್ಪಾಟನ್ನು ಈ ವರ್ಷವೇ ಮಾಡಬೇಕು.